ಟ್ಯಾಬ್ ಮುಚ್ಚಿಸಿದ ಗವಾಯಿ

ಬ್ಲೂಸ್ ಗಿಟಾರ್ ಸೋಲೊ ಕಲಿಯಲು ಎಂಟು ತಿಂಗಳಿಂದ ಒದ್ದಾಡುತ್ತಿದ್ದೇನೆ. ಬೆರಳಿಡುವ ಜಾಗ ತೋರಿಸುವ ಟ್ಯಾಬ್ ನೋಡಿ ನುಡಿಸಿದರೆ ತಪ್ಪಿಲ್ಲ. ಮೊಬೈಲ್ ಬದಿಗಿಟ್ಟರೆ ಬೆರಳುಗಳು ನಿಂತೇಬಿಡುತ್ತವೆ. ರಜೆಗೆ ಶಿಗ್ಲಿಗೆ ಬಂದಾಗ ನನ್ನ ಪರದಾಟ ನೋಡಿದ ಅಜ್ಜ, ಗದುಗಿನ ಪಂಚಾಕ್ಷರಿ ಗವಾಯಿಗಳ ಕಥೆ ಹೇಳಿದರು.

1892ರಲ್ಲಿ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಗದಿಗೆಯ್ಯನಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಹುಡುಗನನ್ನು ಸಂಗೀತಕ್ಕೆ ಹಚ್ಚಿದರು. ಕರ್ನಾಟಕ, ಹಿಂದೂಸ್ತಾನಿ ಎರಡನ್ನೂ ಕಲಿತು ಅವರು ಉಭಯಗಾನ ವಿಶಾರದರೆನಿಸಿದರು. ನೋಡಿ ಓದುವಂತಿರಲಿಲ್ಲ, ಕೇಳಿದ್ದೆಲ್ಲ ನೆನಪಿನಲ್ಲೇ ಉಳಿಯಬೇಕು. ಖ್ಯಾಲಿನ ಬಂದಿಶ್ ಕೆಲವೇ ಸಾಲು. ಆಲಾಪ, ತಾನ್ ಹಾಡುವಾಗಲೇ ಹುಟ್ಟಬೇಕು. ಬ್ಲೂಸ್ ಕೂಡ ಹಾಗೆಯೇ: 12 ಬಾರ್‌ಗಳ ಚೌಕಟ್ಟು, ಐದಾರು ಸ್ವರ, ಉಳಿದದ್ದು ನಮ್ಮದು. ಅದರ ಮೈನರ್ ಪೆಂಟಾಟಾನಿಕ್‌ನ ಐದು ಸ್ವರಗಳೇ ನಮ್ಮ ಧಾನಿ ರಾಗದಲ್ಲೂ ಇವೆ.

ಗವಾಯಿಗಳು ಕಲಿತದ್ದನ್ನು ಗಂಟು ಕಟ್ಟಿಡಲಿಲ್ಲ. ಅಂಧ, ಬಡ ಮಕ್ಕಳನ್ನು ಕಟ್ಟಿಕೊಂಡು ಊರೂರು ಸುತ್ತುತ್ತ ಸಂಚಾರಿ ಪಾಠಶಾಲೆ ನಡೆಸಿದರು. ಖರ್ಚಿಗಾಗಿ ನಾಟಕ ಕಂಪನಿಯನ್ನೂ ನಡೆಸಿದರು. ಕೊನೆಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮವೇ ನೆಲೆಯಾಯಿತು. ಬಸವರಾಜ ರಾಜಗುರು ಅವರ ಶಿಷ್ಯರು. 1944ರಲ್ಲಿ ಗುರುಗಳು ಲಿಂಗೈಕ್ಯರಾದಾಗ ಆಶ್ರಮದ ಹೊಣೆ ಇನ್ನೊಬ್ಬ ಶಿಷ್ಯ, ಅವರಂತೆಯೇ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳ ಹೆಗಲೇರಿತು.

ಈಗ ನಾನು ಟ್ಯಾಬ್ ನೋಡುವುದಿಲ್ಲ. ಒಂದು ಸಾಲು ಕೇಳುತ್ತೇನೆ, ಬಾಯಲ್ಲಿ ಹಾಡುತ್ತೇನೆ, ಆಮೇಲೆ ತಂತಿ ಮುಟ್ಟುತ್ತೇನೆ. ನಿನ್ನೆ ನಾಲ್ಕು ಬಾರ್ ನನ್ನದೇ ಬಂತು. ಐದನೆಯದರಲ್ಲಿ ತಪ್ಪಿದೆ. ಮತ್ತೆ ಮೊದಲಿನಿಂದ ಹಾಡಿದೆ.