ಅನುಭವದ ಒರೆಗಲ್ಲಿಗೆ ಹಚ್ಚಿದ ನೀತಿ

ಯಾವುದು ಸರಿ, ಯಾವುದು ತಪ್ಪು ಎಂಬ ಅರಿವು ಮನುಷ್ಯನಿಗೆ ಬರುವುದು ಎಲ್ಲಿಂದ? ಶಾಸ್ತ್ರದಿಂದಲೋ, ತರ್ಕದಿಂದಲೋ, ಬದುಕಿನಲ್ಲಿ ಕಂಡುಂಡದ್ದರಿಂದಲೋ? 18ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್, ಪರರ ನೋವು ನಲಿವಿಗೆ ಮಿಡಿಯುವ ಮಾನವ ಸ್ವಭಾವದಲ್ಲೇ ನೀತಿಯ ಬೇರಿದೆ ಎಂದು ವಾದಿಸಿ ಅನುಭವವಾದಿ ನೀತಿಚಿಂತನೆಗೆ ಬುನಾದಿ ಹಾಕಿದ. ಅದಕ್ಕೆ ಸುಮಾರು 600 ವರ್ಷ ಮೊದಲೇ ಕನ್ನಡ ನಾಡಿನ ರಾಜ್ಯಾಧಿಕಾರಿಯೊಬ್ಬರು ಇದೇ ಪ್ರಶ್ನೆಯನ್ನು ತಮ್ಮ ಬದುಕಿನಲ್ಲೇ ಎದುರಿಸಿದ್ದರು. ಅವರೇ ಬಸವಣ್ಣನವರು.

ಅವರ ಬಗೆಗಿನ ಶಾಸನಾಧಾರಗಳು ವಿರಳ. 1260ರ ಅರ್ಜುನವಾಡ ಶಾಸನ ಅವರನ್ನು ಸ್ಮರಿಸುತ್ತದೆ. ಉಳಿದ ಜೀವನ ವಿವರಗಳಲ್ಲಿ ಬಹುಪಾಲು ಹರಿಹರನ ರಗಳೆ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ ಹಾಗೂ ಪರಂಪರೆಯ ಕಥನಗಳಿಂದ ಬಂದವು. ಆದ್ದರಿಂದ ಇವನ್ನು ಇತಿಹಾಸದ ಜೊತೆಗೆ ಒಂದು ಸಮುದಾಯದ ನೆನಪೆಂದೂ ಓದಬೇಕಾಗುತ್ತದೆ.

12ನೇ ಶತಮಾನದಲ್ಲಿ ಬಾಗೇವಾಡಿಯ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದ ಬಾಲಕ ಉಪನಯನವನ್ನು ನಿರಾಕರಿಸಿದ. ಅಕ್ಕ ನಾಗಮ್ಮನಿಗಿಲ್ಲದ ಸಂಸ್ಕಾರ ತನಗೇಕೆ ಎಂದು ಕೇಳಿದನೆಂಬುದು ಪ್ರತೀತಿ. ನಿಯಮವೊಂದನ್ನು ಅದು ಎಷ್ಟು ಹಳೆಯದು ಎಂಬುದರಿಂದ ಅಳೆಯದೆ, ಅದರ ಫಲ ಯಾರ ಮೇಲೆ ಹೇಗೆ ಬೀಳುತ್ತದೆ ಎಂಬುದರಿಂದ ಅಳೆಯುವ ಕ್ರಮದ ಮೊದಲ ಸುಳಿವು ಇಲ್ಲಿದೆ. ಮನೆ ತೊರೆದ ಅವರು ಕೃಷ್ಣೆ ಮತ್ತು ಮಲಪ್ರಭೆ ಕೂಡುವ ಕೂಡಲಸಂಗಮವನ್ನು ಸೇರಿದರು. ಗಜೇಂದ್ರಗಡ ಸೀಮೆಯ ಪುರ್ತಗೇರಿಯಂಥ ಊರುಗಳಿಂದ ಆ ಸಂಗಮ ಒಂದೇ ಹಗಲಿನಲ್ಲಿ ಹೋಗಿಬರಬಹುದಾದ ದೂರದಲ್ಲಿದೆ.

ಮುಂದೆ ಅವರು ಕಳಚುರಿ ಬಿಜ್ಜಳನ ಆಡಳಿತದಲ್ಲಿ ಕರಣಿಕರಾಗಿ ಸೇರಿ ಭಂಡಾರದ ಹೊಣೆಯವರೆಗೆ ಏರಿದರು. ರಾಜನ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆ ಎಂಬ ದೂರು ಬಂದಾಗ ಬಿಜ್ಜಳ ತಪಾಸಣೆಗೆ ಇಳಿದನೆಂದೂ, ಲೆಕ್ಕ ತಾಳೆಯಾಯಿತೆಂದೂ ಕಾವ್ಯಗಳು ಹೇಳುತ್ತವೆ. ಭಕ್ತರಿಗೆ ಅದು ಪವಾಡ. ದೀರ್ಘಕಾಲ ಸರ್ಕಾರಿ ಕಡತಗಳ ನಡುವೆ ಬದುಕಿದ ನನ್ನಂಥವರಿಗೆ, ತನ್ನ ಶುದ್ಧಿಯನ್ನು ಪರರ ಪರಿಶೀಲನೆಗೆ ಒಡ್ಡಿಕೊಳ್ಳುವ ಅವರ ಸಿದ್ಧತೆಯೇ ಹೆಚ್ಚು ಮುಖ್ಯವೆನಿಸುತ್ತದೆ.

ಕಲ್ಯಾಣದಲ್ಲಿ ಅವರ ಸುತ್ತ ನೆರೆದ ಶರಣಗೋಷ್ಠಿಗೆ ಅನುಭವ ಮಂಟಪವೆಂಬ ಹೆಸರು ನಿಂತಿದೆ. ಅದು ನಿಜವಾದ ಕಟ್ಟಡವಾಗಿತ್ತೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಮತವಿದೆ. ಆದರೆ ಆ ಹೆಸರಿನಲ್ಲಿರುವುದು ವೇದವೂ ಅಲ್ಲ, ಆಗಮವೂ ಅಲ್ಲ, ಅನುಭವ. ಅಂಬಿಗ, ಮಡಿವಾಳ, ಬುಟ್ಟಿ ಹೆಣೆಯುವವ ಎಲ್ಲರ ಅನುಭವಕ್ಕೂ ಅಲ್ಲಿ ಬೆಲೆಯಿತ್ತು. ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಪತ್ನಿ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳಿಸಿದಳೆಂಬ ಕಥೆ ಪ್ರಸಿದ್ಧ. ಎಷ್ಟು ಸಾಕು ಎಂಬ ಪ್ರಶ್ನೆಗೆ ಅರ್ಥಶಾಸ್ತ್ರ ಇಂದಿಗೂ ತೃಪ್ತಿಕರ ಉತ್ತರ ಕೊಟ್ಟಿಲ್ಲ. ಲಕ್ಕಮ್ಮನಿಗೆ ಆ ಉತ್ತರ ತನ್ನ ಒಲೆಯ ಮುಂದೆ ಗೊತ್ತಿತ್ತು.

ಬಸವಣ್ಣನವರ ವಚನಗಳ ವಾದಸರಣಿಯೂ ಇಂಥದೇ. ಶಿಲೆಯ ಸರ್ಪಕ್ಕೆ ನೈವೇದ್ಯವಿಡುವವರು ನಿಜವಾದ ಹಾವು ಕಂಡಾಗ ಏನು ಮಾಡುತ್ತಾರೆ ಎಂದು ಅವರು ಗಮನಿಸುತ್ತಾರೆ. ಹುಟ್ಟುವ ಬಗೆ ಎಲ್ಲರಿಗೂ ಒಂದೇ ಎಂಬ ಕಣ್ಣೆದುರಿನ ಸಂಗತಿಯಿಂದ ಕುಲದ ಹಿರಿಮೆಯನ್ನು ಪ್ರಶ್ನಿಸುತ್ತಾರೆ. ಹಾಗೆಂದು ಅವರನ್ನು ಹ್ಯೂಮನ ಪೂರ್ವಜರೆಂದು ಕರೆಯುವುದು ಅತಿಶಯೋಕ್ತಿ. ಅವರ ಅನುಭವದಲ್ಲಿ ಅಂತರಂಗದ ದೈವಾನುಭವವೂ ಸೇರಿತ್ತು. ಸಂದೇಹವಾದಿ ಹ್ಯೂಮ್ ಅದನ್ನು ಪ್ರಮಾಣವೆಂದು ಒಪ್ಪುತ್ತಿರಲಿಲ್ಲ. ನಡೆಯಲ್ಲಿ ಕಾಣದ ನೀತಿಯನ್ನು ನುಡಿಯಲ್ಲಿ ನಂಬಬಾರದು ಎಂಬುದು ಶರಣರ ಪ್ರಮಾಣವಾಗಿತ್ತು.

ಆ ಪ್ರಮಾಣದ ಕಠಿಣ ಪರೀಕ್ಷೆ ಒಂದು ಮದುವೆಯ ರೂಪದಲ್ಲಿ ಬಂತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ವಿವಾಹವಾಯಿತು. ಸಮಾನತೆ ಗೋಷ್ಠಿಯ ಮಾತಾಗಿದ್ದಷ್ಟು ಕಾಲ ಸಹಿಸಿಕೊಂಡ ವ್ಯವಸ್ಥೆ, ಅದು ಸಂಬಂಧವಾದಾಗ ಸಹಿಸಲಿಲ್ಲ. ಇಬ್ಬರು ತಂದೆಯರೂ ಘೋರ ಶಿಕ್ಷೆಗೆ ಬಲಿಯಾದರು ಎನ್ನುತ್ತದೆ ಪರಂಪರೆ. ಕಲ್ಯಾಣ ಹೊತ್ತಿ ಉರಿಯಿತು, ಬಿಜ್ಜಳನ ಹತ್ಯೆಯಾಯಿತು, ಶರಣರು ಚದುರಿದರು. ಬಸವಣ್ಣನವರು ಕೂಡಲಸಂಗಮಕ್ಕೆ ಮರಳಿ, 1167ರ ಸುಮಾರಿಗೆ ಅಲ್ಲಿಯೇ ಐಕ್ಯರಾದರು.

2024ರಲ್ಲಿ ರಾಜ್ಯ ಸರ್ಕಾರ ಅವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕನೆಂದು ಘೋಷಿಸಿತು. ಇದು ಸ್ವಾಗತಾರ್ಹ ನಿರ್ಧಾರ. ಆದರೆ 2019ರಲ್ಲಿ, ಸಂಗಮಕ್ಕೆ ಇಷ್ಟು ಹತ್ತಿರದ ಗಜೇಂದ್ರಗಡ ತಾಲ್ಲೂಕಿನಲ್ಲೇ, ಜಾತಿ ಮೀರಿ ಮದುವೆಯಾದ ದಂಪತಿಯನ್ನು ಕಲ್ಲಿನಿಂದ ಹೊಡೆದು ಕೊಲ್ಲಲಾಗಿತ್ತು. ಬಸವಣ್ಣನವರನ್ನು ಎಷ್ಟು ಒಪ್ಪಿದ್ದೇವೆ ಎಂಬುದಕ್ಕೆ ಗೋಡೆಯ ಮೇಲಿನ ಭಾವಚಿತ್ರ ಸಾಕ್ಷಿಯಾಗದು. ಮನೆಯ ಮಗಳು ಬೇರೆ ಜಾತಿಯ ಹುಡುಗನನ್ನು ಕರೆತಂದ ದಿನ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದೇ ಅದರ ಲೆಕ್ಕ ತಪಾಸಣೆ.