ಮಾರುತಿ ಎಂಜಿನ್‌ನಿಂದ ರೇಸ್ ಕಾರು ಕಟ್ಟಿದ ಕರಿವರ್ಧನ್: ವಿಮಾನ ದುರಂತದಲ್ಲಿ ಮುಗಿದ ವೇಗದ ಬದುಕು

ಚೆನ್ನೈ: ಸಿನಿಮಾ ಸ್ಟುಡಿಯೋಗಳಿಗೆ ಹೆಸರಾದ ವಡಪಳನಿಯಿಂದ ಬೆಂಗಳೂರು ಹೆದ್ದಾರಿ ಹಿಡಿದು ಹೊರಟರೆ, ಶ್ರೀಪೆರಂಬದೂರಿಗೂ ಮೊದಲೇ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕ್ ಸಿಗುತ್ತದೆ. ಅಲ್ಲಿ ಓಡಿ ಬೆಳೆದ ಅದೆಷ್ಟೋ ಯುವಕರ ಮೊದಲ ಕಾರಿನ ಹಿಂದಿದ್ದದ್ದು ಒಂದೇ ಹೆಸರು, ಸುಂದರಂ ಕರಿವರ್ಧನ್.

1954ರಲ್ಲಿ ಜನಿಸಿದ ಕರಿವರ್ಧನ್, ಕೊಯಮತ್ತೂರಿನ ಲಕ್ಷ್ಮಿ ಮಿಲ್ಸ್ ಮನೆತನದವರು. ಗಿರಣಿಯ ಶ್ರೀಮಂತಿಕೆ ಇದ್ದರೂ ಅವರ ಮನಸ್ಸು ನೆಟ್ಟಿದ್ದು ಎಂಜಿನ್ ಮೇಲೆ, ಸ್ಟೀರಿಂಗ್ ಮೇಲೆ.

ಶೋಳಾವರಂ ದಿನಗಳು

ಆಗ ದಕ್ಷಿಣ ಭಾರತದ ರೇಸಿಂಗ್ ಕಾಶಿ ಎಂದರೆ ಚೆನ್ನೈ ಹೊರವಲಯದ ಶೋಳಾವರಂ. ಎರಡನೇ ಮಹಾಯುದ್ಧ ಕಾಲದ ರನ್‌ವೇಯೇ ಅಲ್ಲಿ ಟ್ರ್ಯಾಕ್. ಬೆಂಗಳೂರಿನ ವಿಜಯ್ ಮಲ್ಯ 1980ರ ದಶಕದಲ್ಲಿ ಅಲ್ಲಿ ವಿದೇಶಿ ಫಾರ್ಮುಲಾ ಒನ್ ಕಾರು ಎನ್‌ಸೈನ್ ಓಡಿಸಿದ್ದರು. ಅಂಥ ಕಾರು ತರಿಸಲು ಎಷ್ಟು ಜನರಿಂದ ಸಾಧ್ಯ?

ಮನೆಬಾಗಿಲ ಎಂಜಿನ್

ಕರಿವರ್ಧನ್ ಇದಕ್ಕೆ ಉತ್ತರ ಹುಡುಕಿದ್ದು ವರ್ಕ್‌ಶಾಪ್‌ನಲ್ಲಿ. ಸ್ವತಃ ರೇಸರ್ ಆಗಿದ್ದ ಅವರು ಮಾರುತಿ 800ರ 796 ಸಿಸಿ ಎಂಜಿನ್ ಬಳಸಿ ಒಂಟಿ ಸೀಟಿನ ರೇಸ್ ಕಾರು ವಿನ್ಯಾಸಗೊಳಿಸಿದರು. ಅದೇ ಫಾರ್ಮುಲಾ ಮಾರುತಿ. ಬಿಡಿಭಾಗ ಯಾವ ಊರಲ್ಲಾದರೂ ಸಿಗುತ್ತಿತ್ತು. ಕೆಟ್ಟರೆ ಸ್ಥಳೀಯ ಮೆಕ್ಯಾನಿಕ್‌ಗೂ ಗೊತ್ತಿರುವ ಎಂಜಿನ್. ಎಲ್ಲರದ್ದೂ ಒಂದೇ ಬಗೆಯ ಕಾರಾದ್ದರಿಂದ ಗೆಲುವು ದುಡ್ಡಿಗಿಂತ ಹೆಚ್ಚಾಗಿ ಚಾಲಕನ ಕೈಚಳಕದ ಮೇಲೆ ನಿಂತಿತು.

ಕೊಯಮತ್ತೂರಿನ ನರೇನ್ ಕಾರ್ತಿಕೇಯನ್ ರೇಸಿಂಗ್‌ಗೆ ಇಳಿದದ್ದೂ ಫಾರ್ಮುಲಾ ಮಾರುತಿಯಲ್ಲೇ. 2005ರಲ್ಲಿ ಅವರು ಫಾರ್ಮುಲಾ ಒನ್ ಪ್ರವೇಶಿಸಿದ ಮೊದಲ ಭಾರತೀಯರಾದರು.

ಹಾರಾಟದಲ್ಲೇ ಅಂತ್ಯ

ಆ ದಿನ ನೋಡಲು ಕರಿವರ್ಧನ್ ಇರಲಿಲ್ಲ. ನೆಲದ ಮೇಲೆ ಅಷ್ಟೊಂದು ಅಪಾಯದ ಜತೆ ಆಡಿದ ಅವರನ್ನು ಬಲಿ ಪಡೆದದ್ದು ಆಕಾಶ. 1995ರಲ್ಲಿ ನಡೆದ ವಿಮಾನ ದುರಂತದಲ್ಲಿ ಅವರು ಮೃತಪಟ್ಟರು. ಆಗ ವಯಸ್ಸು ನಲವತ್ತರ ಆಸುಪಾಸು.

ಅವರ ನೆನಪಿಗೆ ಕೊಯಮತ್ತೂರು ಸಮೀಪದ ಚೆಟ್ಟಿಪಾಳ್ಯಂನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ನಿರ್ಮಾಣವಾಗಿ, 2003ರಲ್ಲಿ ಆರಂಭವಾಯಿತು. ಉದ್ದ ಸುಮಾರು 2.1 ಕಿ.ಮೀ. ಮಾಜಿ ರೇಸರ್ ಬಿ. ವಿಜಯ್ ಕುಮಾರ್ ಅದರ ರೂವಾರಿ. ವಿಶೇಷವೆಂದರೆ, ಪುಟ್ಟ ಲಘು ವಿಮಾನಗಳ ರನ್‌ವೇಗೆಂದು ಮೊದಲು ಯೋಚಿಸಿದ್ದ ಜಾಗವದು. ಇಂದು ಅಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ರೇಸ್‌ಗಳು ನಡೆಯುತ್ತವೆ.