ಮೆಟ್ರೊ ಕನಸು ಕಂಡ ಶಂಕರ್‌ನಾಗ್

ಬೆಂಗಳೂರಿನ ಮೆಟ್ರೊ ವಿಸ್ತರಣೆಯ ಮಾತು ಬಂದಾಗಲೆಲ್ಲ ಕನ್ನಡಿಗರ ನಾಲಗೆಯ ಮೇಲೆ ಬರುವ ಹೆಸರು ಒಬ್ಬ ಎಂಜಿನಿಯರನದಲ್ಲ, ರಾಜಕಾರಣಿಯದೂ ಅಲ್ಲ. ಅದು ಚಿತ್ರನಟ ಶಂಕರ್‌ನಾಗ್ ಅವರದು. ಕೇವಲ 35 ವರ್ಷ ಬಾಳಿದ ಈ ಕಲಾವಿದನಿಗೂ ಹಳಿಗಳ ಮೇಲಿನ ನಗರ ಸಾರಿಗೆಗೂ ಏನು ನಂಟು ಎಂಬುದು ಇಂದಿನ ಪೀಳಿಗೆಗೆ ತಿಳಿಯಬೇಕಾದ ಸಂಗತಿ.

ಶಂಕರ್ ಜನಿಸಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನ ಮಲ್ಲಾಪುರದಲ್ಲಿ. ಯೌವನದಲ್ಲಿ ಮುಂಬಯಿ ಸೇರಿದ ಅವರನ್ನು ಮರಾಠಿ ರಂಗಭೂಮಿ ಸೆಳೆಯಿತು. ಬಾಳಸಂಗಾತಿ ಅರುಂಧತಿ ಅವರ ಪರಿಚಯವಾದದ್ದೂ ರಂಗಭೂಮಿಯಲ್ಲೇ. ಲೋಕಲ್ ರೈಲುಗಳೇ ಜೀವನಾಡಿಯಾಗಿರುವ ಆ ಮಹಾನಗರದಲ್ಲಿ, ಸಾಮಾನ್ಯ ನೌಕರನೊಬ್ಬ ದೂರದ ಉಪನಗರದಿಂದ ಹೊತ್ತಿಗೆ ಸರಿಯಾಗಿ ಕಚೇರಿ ತಲುಪುವುದು ದಿನನಿತ್ಯದ ನೋಟವಾಗಿತ್ತು.

1978ರಲ್ಲಿ ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಚಿತ್ರದ ಮೂಲಕ ಅವರು ಕನ್ನಡ ಬೆಳ್ಳಿತೆರೆಗೆ ಬಂದರು. ಆ ಪಾತ್ರಕ್ಕೆ ಭಾರತದ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಸಂದಿತು. 1980ರ 'ಆಟೋ ರಾಜ' ಅವರನ್ನು ರಾಜ್ಯದ ಆಟೊ ಚಾಲಕರ ಆರಾಧ್ಯ ನಾಯಕನನ್ನಾಗಿಸಿತು. ಅದೇ ವರ್ಷ ತೆರೆಕಂಡ 'ಮಿಂಚಿನ ಓಟ' ಅವರೊಳಗಿನ ನಿರ್ದೇಶಕನನ್ನು ಪರಿಚಯಿಸಿತು. ಪಾದಚಾರಿ ಮಾರ್ಗದಲ್ಲಿ ಮಲಗಿದ ಬಡವರ ಮೇಲೆ ಶ್ರೀಮಂತರ ಕಾರು ಹರಿಯುವ ಕಥೆಯುಳ್ಳ 'ಆಕ್ಸಿಡೆಂಟ್' (1985) ರಾಷ್ಟ್ರ ಪ್ರಶಸ್ತಿ ಗಳಿಸಿತು. ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ದೂರದರ್ಶನದ ಮೂಲಕ ದೇಶದ ಮನೆಮನೆ ತಲುಪಿತು. ಸೋದರ ಅನಂತನಾಗ್ ಜತೆಗೂಡಿ ಬೆಂಗಳೂರಿನಲ್ಲಿ 'ಸಂಕೇತ್' ಧ್ವನಿಮುದ್ರಣ ಸ್ಟುಡಿಯೊ ಕಟ್ಟಿದ್ದು ಮತ್ತೊಂದು ಸಾಹಸ.

ಜನತಾ ಪಕ್ಷದ ಪರ ಪ್ರಚಾರ ನಡೆಸಿದ್ದ ನಾಗ್ ಸೋದರರಿಗೆ, 1983ರಲ್ಲಿ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆಯವರ ಸಾಮೀಪ್ಯವಿತ್ತು. ಬೆಂಗಳೂರಿಗೆ ಮೆಟ್ರೊ ರೈಲು, ನಂದಿ ಬೆಟ್ಟಕ್ಕೆ ರೋಪ್‌ವೇ, ಬಡವರಿಗೆ ಅಗ್ಗದ ಮನೆ. ಇವೆಲ್ಲ ಶಂಕರ್ ಅವರ ಕನಸುಗಳಾಗಿದ್ದವು. ಸ್ವಂತ ಖರ್ಚಿನಲ್ಲಿ ಲಂಡನ್‌ಗೆ ಹೋಗಿ ಅಲ್ಲಿನ ಸುರಂಗ ರೈಲನ್ನು ಅಭ್ಯಸಿಸಿ ಬಂದಿದ್ದರೆಂದು ಅವರ ಆಪ್ತರು ಸ್ಮರಿಸುತ್ತ ಬಂದಿದ್ದಾರೆ. ದೇಶದ ಮೊದಲ ಮೆಟ್ರೊ ಕೋಲ್ಕತ್ತದಲ್ಲಿ ಓಡಿದ್ದು 1984ರಲ್ಲಿ. 1981ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 29 ಲಕ್ಷ. ರಸ್ತೆಗಳು ಇನ್ನೂ ತೆರವಾಗಿದ್ದ ಆ ದಿನಗಳಲ್ಲಿ ಇಂಥ ಯೋಜನೆ ಹಲವರಿಗೆ ಅನಗತ್ಯ ಆಡಂಬರವಾಗಿ ಕಂಡಿದ್ದರೆ ಅಚ್ಚರಿಯಿಲ್ಲ.

1990ರ ಸೆಪ್ಟೆಂಬರ್ 30ರಂದು 'ಜೋಕುಮಾರಸ್ವಾಮಿ' ಚಿತ್ರೀಕರಣಕ್ಕಾಗಿ ತೆರಳುತ್ತಿದ್ದಾಗ, ದಾವಣಗೆರೆ ಸಮೀಪದ ಆನಗೋಡು ಬಳಿ ಸಂಭವಿಸಿದ ಕಾರು ಅಪಘಾತದಲ್ಲಿ ಶಂಕರ್ ಅಸುನೀಗಿದರು. ನಾಡು ದಿಗ್ಭ್ರಮೆಗೊಂಡಿತು.

ಕನಸು ಕಡತಗಳ ದಾರಿ ಹಿಡಿದು ನಿಧಾನವಾಗಿ ಸಾಗಿತು. ಯೋಜನೆಗೆ ಕೇಂದ್ರ ಸಂಪುಟದ ಒಪ್ಪಿಗೆ ದೊರೆತದ್ದು 2006ರಲ್ಲಿ. ಅದೇ ವರ್ಷ ಜೂನ್‌ನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಶಂಕುಸ್ಥಾಪನೆ ನೆರವೇರಿಸಿದರು. ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಗೆ ಮೊದಲ ರೈಲು ಓಡಿದ್ದು 2011ರ ಅಕ್ಟೋಬರ್ 20ರಂದು; ಶಂಕರ್ ಅಗಲಿ 21 ವರ್ಷಗಳಾದ ಮೇಲೆ. ಆ ವೇಳೆಗೆ ನಗರದ ಜನಸಂಖ್ಯೆ 85 ಲಕ್ಷದ ಸಮೀಪ ತಲುಪಿತ್ತು. 42.3 ಕಿ.ಮೀ. ಉದ್ದದ ಮೊದಲ ಹಂತ ಪೂರ್ಣಗೊಂಡದ್ದು 2017ರಲ್ಲಿ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ ಸೇರಿ ಜಾಲವು ಸುಮಾರು 96 ಕಿ.ಮೀ.ಗೆ ವಿಸ್ತರಿಸಿತು. ಮನೆಗಳು ತಲೆಯೆತ್ತಿದ ಮೇಲೆ ಭೂಮಿ ಸ್ವಾಧೀನ, ವಾಹನ ದಟ್ಟಣೆಯ ನಡುವೆಯೇ ಕಂಬಗಳ ನಿರ್ಮಾಣ. ತಡವಾಗಿ ಆರಂಭಿಸಿದ್ದರ ಬೆಲೆಯನ್ನು ನಗರ ತೆತ್ತಿದೆ.

ಇದು ರಾಜಧಾನಿಯ ಕಥೆ ಮಾತ್ರವಲ್ಲ. ತುಂಗಭದ್ರೆಯ ದಂಡೆಯ ದಢೇಸುಗೂರು ಸೀಮೆಯ ಜನರಿಗೆ ಹತ್ತಿರದ ಪಟ್ಟಣವಾದ ಸಿಂಧನೂರು ರೈಲು ಕಂಡದ್ದು 2024ರಲ್ಲಿ. ಅಲ್ಲಿಂದ ಯಶವಂತಪುರಕ್ಕೆ ಸಂಪರ್ಕ ಏರ್ಪಟ್ಟಿತು. ದುಡಿಮೆ, ಓದು, ಚಿಕಿತ್ಸೆಗಾಗಿ ಹೋಗುವವರು ಯಶವಂತಪುರದಲ್ಲಿಳಿದು ಹಸಿರು ಮಾರ್ಗದ ಮೆಟ್ರೊ ಏರಬಹುದು. ಗಂಟುಮೂಟೆ ಹೊತ್ತು ಹೊಸ ಊರಿಗೆ ಬಂದವನಿಗೆ ನಿಶ್ಚಿತ ದರದಲ್ಲಿ, ನಿಶ್ಚಿತ ಸಮಯಕ್ಕೆ ತಲುಪುವ ವಾಹನಕ್ಕಿಂತ ದೊಡ್ಡ ಆಸರೆಯಿಲ್ಲ.

ಮೆಟ್ರೊಗೆ ಶಂಕರ್‌ನಾಗ್ ಹೆಸರಿಡಬೇಕೆಂದು ಅಭಿಮಾನಿಗಳು ಒತ್ತಾಯಿಸುತ್ತ ಬಂದಿದ್ದಾರೆ. ಮೆಟ್ರೊ ನಿರ್ಮಾಣದ ಶ್ರೇಯ ಸಾವಿರಾರು ಎಂಜಿನಿಯರುಗಳಿಗೆ, ಕಾರ್ಮಿಕರಿಗೆ ಸಲ್ಲಬೇಕು ಎಂಬುದೂ ನಿಜ. ಆದರೆ ಅಗತ್ಯ ಎದುರಾಗುವ ಮೊದಲೇ ಅದನ್ನು ಕಾಣುವ ಕಣ್ಣು ಅಪರೂಪ. ಅರುಂಧತಿ ನಾಗ್ 2004ರಲ್ಲಿ ಅವರ ನೆನಪಿಗೆ ಕಟ್ಟಿದ ರಂಗಶಂಕರ ನಿತ್ಯ ನಾಟಕಗಳಿಂದ ಜೀವಂತವಾಗಿದೆ. ಹುಬ್ಬಳ್ಳಿ, ಮೈಸೂರು, ಕಲಬುರ್ಗಿಯಂಥ ನಗರಗಳು ಬೆಳೆಯುತ್ತಿರುವ ಈ ಹೊತ್ತಿನಲ್ಲಿ, ದಟ್ಟಣೆ ಬರುವ ಮೊದಲೇ ಸಾರಿಗೆಯನ್ನು ಯೋಜಿಸುವುದೇ ಆ ಕನಸುಗಾರನಿಗೆ ಸಲ್ಲಿಸಬಹುದಾದ ನಿಜವಾದ ಗೌರವ.